ಒಸಿ ಅಂದ್ರೆ ಎಷ್ಟು ಸಾವ್ಕಾರ್ರೇ?

ಚನ್ನಪಟ್ಟಣದಾಗೆ ಗೊಂಬೆಗೆ ಮರ ಕಡೆಯೋರು ಬೇಕಾದಷ್ಟು ಜನ ಅವ್ರೆ. ಸಾವ್ಕಾರ್ರಿಗೆ ಸಿಟ್ಟು ಬರದಂಗೆ ಪ್ರಶ್ನೆ ಕೇಳೋನು ಮಾತ್ರ ನಾನೊಬ್ನೇ. ಜಂಬ ಅಂದ್ಕಂಡ್ರೆ ಅಂದ್ಕಳಿ, ನಿಜ ಐತಲ್ಲ.

ನನ್ ಪಕ್ಕದ ಲೇತಲ್ಲಿ ಬೈರಾಪಟ್ಟಣದ ಹೆಣ್ಮಗಳೊಬ್ಳು ಕೂರ್ತಾಳೆ. ಕೈ ಬಲೇ ಚುರುಕು, ಬಾಯಿಗೆ ಬೀಗ. ಹೋದ್ ಸಲ ಕೂಸಿನ ಗಿಲಕಿಗೆ "ಹಿಡಿ ಒಸಿ ತೆಳ್ಳಗಿರ್ಲಿ" ಅಂದಿದ್ರು ಸಾವ್ಕಾರ್ರು. ಇವ್ಳು ಊದ್ಬತ್ತಿ ಮಾಡ್ಬುಟ್ಳು. ಇಡೀ ಲಾಟು ವಾಪಸ್ಸು. "ಇನ್ನೊಂದ್ ಸಲ ಇಂಗಾದ್ರೆ ಬೇರೆ ಕಡೆ ಕೆಲ್ಸ ನೋಡ್ಕಳವ್ವ" ಅಂದ್ಬುಟ್ರು.

ಈ ಸಲ ಅವ್ಳಿಗೆ ವಾಟ್ಸಾಪಲ್ಲಿ ಅಪ್ಪಣೆ ಆಯ್ತು. ಅದೇ ಗಿಲಕಿ, "ಹೋದ್ ಸಲಕ್ಕಿಂತ ಒಸಿ ದಪ್ಪ."

"ಒಸಿ ಅಂದ್ರೆ ಎಷ್ಟು ಅಂತ ಕೇಳವ್ವ," ಅಂದೆ.

"ಅಯ್ಯೋ ಬುಡಣ್ಣ, ಅಷ್ಟೂ ಗೊತ್ತಾಗಲ್ವಾ ಅಂತಾರೆ."

ಅರಗಿನ ಬಣ್ಣ ಹತ್ತಿದ್ಮೇಲೆ ಮರ ತಿದ್ದಕಾಗಲ್ಲ. ಅದ್ಕೇ ನಾನೇ ಮೂರು ಗಿಲಕಿ ಕಡೆದೆ. ಒಂದರ ಹಿಡಿ ಕಿರುಬೆಳ್ಳು ಗಾತ್ರ, ಒಂದು ಹೆಬ್ಬೆಟ್ಟು, ಇನ್ನೊಂದು ಮುದ್ದೆ ಕೋಲು. ಮೂರನ್ನೂ ತಟ್ಟೇಲಿಟ್ಟು, ತಾಂಬೂಲ ಕೊಡೋನಂಗೆ ಬಗ್ಗಿ ಸಾವ್ಕಾರ್ರ ಮುಂದೆ ಹಿಡಿದೆ.

"ನಂಗೆ ವಯಸ್ಸಾಯ್ತು ಸಾವ್ಕಾರ್ರೇ. ಇದ್ರಾಗೆ ನಿಮ್ ಒಸಿ ಯಾವ್ದು ತೋರ್ಸಿಬುಡಿ."

"ಇದೇನ್ ಯಜಮಾನ್ರೇ, ಕೂಸಿಗಾ ಪೈಲ್ವಾನಂಗಾ?" ಅಂತ ಮುದ್ದೆ ಕೋಲು ಎತ್ಕಂಡು ನಕ್ರು. ಆಮೇಲೆ ಇನ್ನೆರಡ್ನೂ ಹಿಡಿದು ನೋಡಿದ್ರು. ತಲೆ ಕೆರ್ಕಂಡ್ರು. ಅಯ್ಯೋ ಶಿವನೇ, ಅವ್ರಿಗೂ ಗೊತ್ತಿಲ್ಲ!

"ನಿಮ್ ಮನೇಲಿ ಮೊಮ್ಮಗಳು ಅವ್ಳಲ್ಲ, ಅವ್ಳನ್ನೇ ಕೇಳಾಣ್ವಾ?" ಅಂದೆ.

ಅವ್ರ ಮನೆ ಕಾರ್ಖಾನೆ ಹಿಂದೇನೇ. ಕೂಸನ್ನ ಎತ್ಕಂಡು ಬಂದ್ರು. ಹೆಬ್ಬೆಟ್ಟಿಂದೇ ಗೆಲ್ಲೋದು ಅಂತ ನಾನು ಎದೆ ಉಬ್ಬಿಸ್ಕಂಡು ನಿಂತಿದ್ದೆ. ಕೂಸು ಅದ್ನ ಹಿಡೀತು, ಬೆಳ್ಳು ಸುತ್ಲಿಲ್ಲ, ಕೆಳಕ್ಕೆ ಬಿತ್ತು. ಕಿರುಬೆಳ್ಳಿಂದು ಗಟ್ಟಿಯಾಗಿ ಹಿಡ್ಕಂಡು ನನ್ ಮಂಡೆ ಮೇಲೇ ಬಾರಿಸ್ತು.

"ಇದೇ ಅಳತೆ," ಅಂದ್ರು ಸಾವ್ಕಾರ್ರು.

ಆ ಗಿಲಕಿಗೆ ದಾರ ಕಟ್ಟಿ ಅವ್ಳ ಲೇತ್ ಮುಂದೆ ನೇತಾಕ್ದೆ. ಅದ್ನೇ ನೋಡ್ಕಂಡು ಕಡೆದ್ಳು. ಲಾಟು ಹೋಯ್ತು, ವಾಪಸ್ ಬರ್ಲಿಲ್ಲ. ಅವ್ಳೂ ಎಲ್ಗೂ ಹೋಗ್ಲಿಲ್ಲ.

ಮೊನ್ನೆ ಟೀ ಟೈಮಲ್ಲಿ "ನಂಗೆ ಒಸಿ ಸಕ್ರೆ ಹಾಕವ್ವ" ಅಂದೆ. ಬಾಯಿಗೆ ಬೀಗ ಹಾಕಿದ್ದೋಳು ಮೂರು ಲೋಟ ಟೀಗೆ ಮೂರು ಥರ ಸಕ್ರೆ ಹಾಕಿ ತಟ್ಟೇಲಿಟ್ಕಂಡು, ನನ್ನಂಗೇ ಬಗ್ಗಿ ನಿಂತ್ಳು.

"ಅಣ್ಣ, ಇದ್ರಾಗೆ ನಿಮ್ ಒಸಿ ಯಾವ್ದು?"

ಬುಡ್ತೀನಾ? ಮೂರ್ನೂ ಕುಡಿದೆ.