ಇಡೀ ಎಲುಬು ಕೇಳಿದ್ದೆ

ಗೆಳೆಯರೇ, ಎಲುಬು ಎಷ್ಟು ಭಾರಕ್ಕೆ ಮುರಿಯುತ್ತದೆಂದು ಸ್ಕ್ಯಾನ್ ನೋಡಿಯೇ ಹೇಳಬಹುದೇ? ಇದು ನನ್ನ ಪಿಎಚ್‌ಡಿ ಅರ್ಜಿಯ ವಿಷಯ. ನಾಳೆ ಸಂದರ್ಶನ. ಅಲ್ಲಿ ತೋರಿಸಲು ಒಂದು ಸ್ಕ್ಯಾನ್ ಬೇಕೆಂದು ಇಂದು ಹುಮನಾಬಾದಿನ ಮಟನ್ ಅಂಗಡಿಯಲ್ಲಿ ಕುರಿಯ ತೊಡೆ ಎಲುಬನ್ನು ಇಡಿಯಾಗಿ ಕೇಳಿದೆ. ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿ ತಿರುಗುವಷ್ಟರಲ್ಲಿ ಅಂಗಡಿಯ ರಫೀಕ್ ಚಾಚಾ ಅದನ್ನು ಕೊಚ್ಚಿ ಚೀಲಕ್ಕೆ ಹಾಕಿದ್ದರು.

“ಚಾಚಾ, ಇಡೀದು ಬೇಕು ಅಂದಿದ್ನಲ್ರಿ!”

“ಇಡೀದು ಕುಕ್ಕರ್‌ನ್ಯಾಗ ಹ್ಯಾಂಗ ಹಿಡಸ್ತದ ಬೇಟಿ?”

“ಕುದಸಾಕ ಅಲ್ರಿ, ಸ್ಕ್ಯಾನ್ ಮಾಡಸಾಕ!”

ಚಾಚಾ ಕತ್ತಿ ಕೆಳಗಿಟ್ಟರು. “ಕುರಿ ಕಡದ ಮ್ಯಾಲ ಸ್ಕ್ಯಾನ್ ಯಾಕ?”

ಅಂಗಡಿಯಲ್ಲಿ ಉಳಿದಿದ್ದ ಎಲುಬು ಅದೊಂದೇ. ಈಗ ಅವ್ವ ಅದರ ಸಾರು ಮಾಡುತ್ತಿದ್ದಾಳೆ. ಎಲುಬು ಎಷ್ಟು ಭಾರಕ್ಕೆ ಮುರಿಯುತ್ತದೋ ನಾಳೆ ಹೇಳಲಾರೆ. ಕುಕ್ಕರ್‌ನಲ್ಲಿ ಹಿಡಿಸಲೆಂದು ಕೊಚ್ಚಿಕೊಟ್ಟ ಚಾಚಾರ ಎಷ್ಟು ಅಕ್ಕರೆಗೆ ಮುರಿಯುತ್ತದೆಂದು ಮಾತ್ರ ಹೇಳಬಲ್ಲೆ.