ನಸೀಮಾ ಮೇಡಂ ಕೂತ ದಿನ

ನಸೀಮಾ ಮೇಡಂ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಕಡಲ ದಂಡೆಯ ಟೊರ್ರಿ ಪೈನ್ಸ್‌ನ ನಮ್ಮ ಲ್ಯಾಬಿನಲ್ಲಿ ಅವರ ಕುರ್ಚಿಯ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಊಟದ ಡಬ್ಬಿ ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ನಡೆಯುತ್ತಲೇ ಉಣ್ಣುವರು. ಫೋನಿನಲ್ಲಿ ಮಾತಾಡುವಾಗಲಂತೂ ಕೇಳುವುದೇ ಬೇಡ, ಮಾತು ಮುಗಿಯುವಷ್ಟರಲ್ಲಿ ಪಾರ್ಕಿಂಗ್ ಲಾಟ್ ತಲುಪಿರುತ್ತಿದ್ದರು. ಅವರು ಮೈಸೂರಿನವರು; ನಾನು ಬಾಗಲಕೋಟೆಯವಳು, ಅವರ ಟೆಕ್ನಿಷಿಯನ್. ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದ ವರ್ಷ ಕೆಲಸಕ್ಕೆ ಸೇರಿದ ನಾನು ಮೊದಮೊದಲು ಅವರನ್ನು ಗುರುತಿಸುತ್ತಿದ್ದದ್ದು ಹೆಜ್ಜೆಯ ಸದ್ದಿನಿಂದ.

ಕಪ್ಪೆಯ ಚರ್ಮವೂ ನಮ್ಮ ದೇಹವೂ ರೋಗಾಣುಗಳನ್ನು ಹೊಡೆಯಲು ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳನ್ನು ತಯಾರಿಸುತ್ತವೆ. ಅಂಥವನ್ನು ತಿದ್ದಿ ತೀಡಿ, ಯಾವ ಆ್ಯಂಟಿಬಯಾಟಿಕ್‌ಗೂ ಜಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಬಿಡುವುದು ಮೇಡಂ ಕೆಲಸ. ಒಂದೊಂದಕ್ಕೂ ಒಂದು ನಂಬರು. ಹೊಸದೊಂದು ನಂಬರು ಬ್ಯಾಕ್ಟೀರಿಯಾವನ್ನು ಕೊಂದಿತೆಂದು ನಾನು ಕುಣಿದರೆ, "ಕೊಲ್ಲೋದೇನು ಮಹಾ ಗಿರಿಜಾ, ಫಿನಾಯಿಲೂ ಕೊಲ್ಲತ್ತೆ. ತಿಳಿ ನೋಡಿ, ತಿಳಿ" ಅನ್ನುವರು.

ಪೆಪ್ಟೈಡನ್ನು ಮನುಷ್ಯರ ರಕ್ತಕಣಗಳ ಜೊತೆ ಬೆರೆಸಿ, ಒಂದು ಗಂಟೆ ಬೆಚ್ಚಗಿಟ್ಟು, ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕಣಗಳು ತಳಕ್ಕಿಳಿಯುತ್ತವೆ. ಮೇಲೆ ನಿಂತ ನೀರಿಗೆ ಅವರು, ಸಾರಿಗೆ ಅನ್ನುವ ಹಾಗೆ, ತಿಳಿ ಅನ್ನುತ್ತಿದ್ದರು. ಅದು ಬಣ್ಣವಿಲ್ಲದೆ ಇದ್ದರೆ ಔಷಧವಾದೀತೆಂಬ ಆಸೆ. ಕೆಂಪಾದರೆ ನಮ್ಮ ರಕ್ತಕಣಗಳೂ ಒಡೆದವು ಎಂದರ್ಥ. ಆ ಒಂದು ಗಂಟೆ ಮೇಡಂನ ಹಿಡಿಯುವವರಿಲ್ಲ. ಸಮುದ್ರದ ಕಡೆಯ ದಿಬ್ಬದವರೆಗೆ ನಡೆದುಹೋಗಿ ಅಲ್ಲಿಂದ ಫೋನ್ ಮಾಡುವರು.

"ಆಯ್ತಾ?"

"ಇನ್ನೂ ನಲವತ್ತು ನಿಮಿಷ ಐತ್ರಿ."

"ಗಡಿಯಾರ ಸರಿ ಇದೆಯಾ ನೋಡಿ."

ಬಸ್ ಡ್ರೈವರ್ ಆಗಿ ರಿಟೈರ್ ಆದ ನನ್ನ ಅಪ್ಪ ಊರಿನಿಂದ ವಿಮಾನ ಹತ್ತಿ ಪೋರ್ಟರ್ ರ್ಯಾಂಚ್‌ನಲ್ಲಿರುವ ಅಣ್ಣನ ಮನೆಗೆ ಬಂದಿದ್ದರು. ಸಕ್ಕರೆ ಕಾಯಿಲೆಯ ಮನುಷ್ಯ. ಬಲಗಾಲಿನ ಗಾಯ ಕೀವುಗಟ್ಟಿ ಯಾವ ಔಷಧಕ್ಕೂ ಬಗ್ಗಲಿಲ್ಲ. ಪಾದ ತೆಗೆಯದಿದ್ದರೆ ಜೀವಕ್ಕೆ ಅಪಾಯ ಅಂದರು ಡಾಕ್ಟರು. ನಮ್ಮ ಫ್ರೀಜರಿನಲ್ಲಿದ್ದ ಹನ್ನೊಂದನೇ ನಂಬರು ಅಂಥದೇ ಬ್ಯಾಕ್ಟೀರಿಯಾ ಕೊಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಬೇರೆಯವರ ರಕ್ತದಲ್ಲಿ ಅದರ ತಿಳಿ ತುಸು ಗುಲಾಬಿಯಾಗಿತ್ತು, ನಿಜ. ಅಪ್ಪನ ವಿಷಯ ಬಂದಾಗ ಅದನ್ನು ನೆನೆಯುವುದೇ ನನಗೆ ಬೇಡವಾಗಿತ್ತು.

"ಹನ್ನೊಂದು ಕೊಡ್ರಿ ಮೇಡಂ, ಅಪ್ಪನ ಕಾಲು ಉಳೀತದ" ಎಂದು ಕೈಮುಗಿದೆ.

ಮೇಡಂ ಆಯಿತು ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಡಾಕ್ಟರ ಒಪ್ಪಿಗೆ ಪಡೆದು ಅಪ್ಪನ ಗಾಯದ ಬ್ಯಾಕ್ಟೀರಿಯಾ, ರಕ್ತ ಎರಡನ್ನೂ ತರಿಸಿದರು. ಹನ್ನೊಂದು ಆ ಬ್ಯಾಕ್ಟೀರಿಯಾವನ್ನು ಒಂದೂ ಬಿಡದೆ ಕೊಂದಿತು. ಆಮೇಲೆ ರಕ್ತದ ಸರದಿ. ಆ ಗಂಟೆ ನಾನೂ ಅವರ ಹಿಂದೆ ದಿಬ್ಬದವರೆಗೆ ಹೋಗಿ ಬಂದೆ. ವಾಪಸ್ ಬಂದು ತಿರುಗಿಸಿ ನೋಡಿದರೆ, ಬೇರೆಯವರಲ್ಲಿ ಗುಲಾಬಿಯಾಗಿದ್ದ ತಿಳಿ ಅಪ್ಪನ ರಕ್ತದಲ್ಲಿ ದಾಸವಾಳದ ಹಾಗೆ ಕೆಂಪು. ಪ್ರಮಾಣ ಇಳಿಸಿ ಇಳಿಸಿ ಮತ್ತೆ ಮಾಡಿದೆವು. ರಕ್ತಕಣ ಉಳಿಯುವಷ್ಟು ಇಳಿಸಿದರೆ ಬ್ಯಾಕ್ಟೀರಿಯಾವೂ ಉಳಿಯುತ್ತಿತ್ತು.

ಮೇಡಂ ಕುರ್ಚಿಯಲ್ಲಿ ಕೂತರು. ಪ್ಲಾಸ್ಟಿಕ್ ಕವರ್ ಚರಪರ ಅಂದಿತು.

"ಕೊಡಲ್ಲ ಗಿರಿಜಾ."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮಪ್ಪ ಆಗಿದ್ರ ಕೊಡ್ತಿದ್ರಿ, ಹೌದಿಲ್ಲೋ?"

"ನಮ್ಮಪ್ಪ ಆಗಿದ್ರೆ ತಿಳಿ ನೋಡೋಕೂ ಕಾಯ್ತಿರ್ಲಿಲ್ಲ. ಕೊಟ್ಟು ಕೊಂದ್ಬಿಡ್ತಿದ್ದೆ."

ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಅದನ್ನು ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ.

ಅಪ್ಪ ಪಾದ ಕಳೆದುಕೊಂಡು ಬದುಕಿದರು. ಮೇಡಂ ಮೂರು ಗಂಟೆ ಡ್ರೈವ್ ಮಾಡಿಕೊಂಡು ಅವರನ್ನು ನೋಡಲು ಅಣ್ಣನ ಮನೆಗೆ ಬಂದರು. "ಸಾರಿ ಅಂಕಲ್, ನನ್ ಔಷಧಿ ಇನ್ನೂ ಔಷಧಿ ಆಗಿಲ್ಲ" ಅಂದರು. ಅಪ್ಪ "ಕೂಡ್ರವಾ" ಅಂದರೂ ಕೂರದೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯತೊಡಗಿದರು. ಅಪ್ಪ ಸ್ವಲ್ಪ ಹೊತ್ತು ನೋಡಿ ನಕ್ಕುಬಿಟ್ಟರು.

"ಅಡ್ಡಾಡವಾ, ನನ್ನ ಪಾಲಿಂದೂ ನೀನ ಅಡ್ಡಾಡು. ರಕ್ತ ಬೇಕಾದ್ರ ಕೇಳು."

ಹೋದ ವರ್ಷ ಮೇಡಂ ಬೋಸ್ಟನ್ನಿನ ಬೇರೆ ಲ್ಯಾಬಿಗೆ ಹೋದರು. ಅರ್ಧಕ್ಕೆ ನಿಂತ ನಂಬರುಗಳೂ ಆ ಕುರ್ಚಿಯೂ ನನ್ನ ಪಾಲಿಗೆ ಬಂದವು. ತಿಳಿಗೆ ಕಾಯುವ ಗಂಟೆಯಲ್ಲಿ ಈಗ ನನಗೂ ಕೂರಲಾಗುವುದಿಲ್ಲ. ಮೊನ್ನೆ, ಅಪ್ಪನ ಗಾಯದ ಬ್ಯಾಕ್ಟೀರಿಯಾವನ್ನು ಕೊಂದ ಇಪ್ಪತ್ತಾರನೇ ನಂಬರನ್ನು ಅಪ್ಪ ಹೊಸದಾಗಿ ಕೊಟ್ಟ ರಕ್ತದಲ್ಲೇ ಪರೀಕ್ಷಿಸಿ ಅವರಿಗೆ ಫೋನ್ ಮಾಡಿದೆ. ಹೇಗಿದ್ದೀರಿ ಅಂತಲೂ ಅವರು ಕೇಳಲಿಲ್ಲ.

"ಕೆಂಪಾ?"

"ಸ್ವಲ್ಪ ಕೆಂಪೈತ್ರಿ."

"ಹನ್ನೊಂದರಷ್ಟಾ?"

"ಇಲ್ರಿ, ಭಾಳ ಕಮ್ಮಿ."

ಆ ಕಡೆ ಹೆಜ್ಜೆಯ ಸದ್ದು ಜೋರಾಯಿತು.