ಒಂದು ಟರ್ಬೊ ಸಾಕು ಕಣ್ರೀ
ಎಂಬತ್ತರ ದಶಕದಲ್ಲಿ ನಮ್ಮ ಸಕಲೇಶಪುರದ ಎಸ್ಟೇಟ್ ರಸ್ತೆಗಳಲ್ಲಿ ಕಾರ್ ರ‍್ಯಾಲಿ ನಡೆಯುತ್ತಿತ್ತು. ನಾನೂ ನನ್ನ ಪುಟ್ಟ ಕಾರು ಓಡಿಸುತ್ತಿದ್ದೆ. ಒಮ್ಮೆ ಬೆಂಗಳೂರಿನಿಂದ ಬಂದ ಸ್ಪರ್ಧಿಯೊಬ್ಬರು ನಮ್ಮ ಮನೆಯಲ್ಲಿ ಉಳಿದುಕೊಂಡರು. ಅವರ ಕಾರೂ ನನ್ನದರಷ್ಟೇ ಚಿಕ್ಕದು. ಆದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಕೊಡುವ ಟರ್ಬೊ ಒಂದಲ್ಲ, ಎರಡು ಹಾಕಿಸಿದ್ದರು.

ಕಾಫಿ ಕುಡಿಯುತ್ತಾ ನನ್ನ ಗಂಡನ ಕಡೆ ತಿರುಗಿ, "ನಿಮ್ಮ ಕಾರಿಗೂ ಎರಡು ಹಾಕ್ಸಿ ಸಾರ್, ರಾಕೆಟ್ ಆಗುತ್ತೆ," ಅಂದರು.

"ಅದು ಅವಳ ಕಾರು ಕಣ್ರೀ. ನಂಗೆ ಓಡ್ಸೋಕೇ ಬರಲ್ಲ," ಅಂದರು ನನ್ನ ಗಂಡ.

ನನಗೆ ರೇಗಿತ್ತು. "ಇಂಜಿನ್ ಬಿಡೋ ಹೊಗೆಯಿಂದ ತಾನೇ ಟರ್ಬೊ ತಿರುಗೋದು? ಚಿಕ್ಕ ಇಂಜಿನ್ನಿನ ಹೊಗೆ ಒಂದಕ್ಕೇ ಕಷ್ಟ. ಎರಡಕ್ಕೆ ಹಂಚಿದ್ರೆ ಯಾವ್ದು ತಿರುಗುತ್ತೆ?" ಅಂದೆ.

ಅವರು ನಕ್ಕು, "ಮೇಡಂ, ಫಾರಿನ್ನಲ್ಲಿ ಎಲ್ಲಾ ಹೀಗೇ," ಅಂದರು.

"ಫಾರಿನ್ ಬಿಡಿ. ಬಿಸಿಲೆ ಘಾಟಿ ಕಡೆ ಹೋಗಿ ಬರೋಣ, ನಡೀರಿ," ಅಂದೆ.

ಅವರ ಕಾರನ್ನು ಅವರೇ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಪ್ರತಿ ತಿರುವಿನಲ್ಲೂ ಕಾರು ಸುಸ್ತಾಗಿ ನಿಧಾನವಾಗುತ್ತಿತ್ತು. ಟರ್ಬೊಗಳು ಎಚ್ಚರಾಗಿ ಎಳೆಯುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತಿತ್ತು. ಒಂದು ಕಡೆ ಹಾಗೇ ನುಗ್ಗಿ ಚರಂಡಿಗೆ ಇಳಿದೇ ಬಿಟ್ಟೆವು.

ಇಬ್ಬರೂ ಇಳಿದು ಕಾರು ತಳ್ಳುವಾಗ ಅವರು, "ಅಭ್ಯಾಸ ಆಗ್ಬೇಕಷ್ಟೆ," ಅಂದರು.

"ಒಂದನ್ನ ಬಿಚ್ಚಾಕಿ ಕಣ್ರೀ, ಸರಿಹೋಗುತ್ತೆ," ಅಂದೆ.

ಮುಂದಿನ ವರ್ಷ ಅವರು ಮತ್ತೆ ಬಂದಾಗ ಕಾರಿನಲ್ಲಿ ಒಂದೇ ಟರ್ಬೊ ಇತ್ತು. ರ‍್ಯಾಲಿಯಲ್ಲಿ ನನ್ನನ್ನು ಬಹಳ ಹಿಂದೆ ಹಾಕಿ ಗೆದ್ದುಬಿಟ್ಟರು. ಅಷ್ಟೊಂದು ಖುಷಿಯಿಂದ ನಾನು ಯಾವತ್ತೂ ಸೋತಿಲ್ಲ.